ಒಳಂಚಿನ ಕೆಂಪು

ಎಡತೋಳು ಬಂತು, ಎಡಭುಜ ಬಂತು, ಈಗ ಬೆನ್ನು, ಹಸಿರು ಗೆರೆ ಕಂಪ್ಯೂಟರಿನ ಗಾಜಿನ ಮೇಲೆ ತುಂಡು ತುಂಡಾಗಿ ಮೂಡುತ್ತ ಹೋಗುತ್ತಿದೆ, ಬಲಭುಜ, ಬಲತೋಳು, ಮುಗಿಯಿತು— ಲಾಳದ ಆಕಾರದ ಒಂದೇ ಗೆರೆ, ಕುರ್ಚಿಯ ಎರಡು ತೋಳು, ನಡುವಿನ ಬೆನ್ನು, ಎಲ್ಲ ಸೇರಿ ಒಂದೇ ಬಾಗು, ಒಂದೇ ಮರದ ಕೋಲು. ನಕ್ಷೆ ಎಳೆಯುವ ಹುಡುಗಿ ಇಂದೂ ಅದನ್ನು ನೋಡುತ್ತಾಳೆ, ನೋಡುತ್ತಲೇ ಇದ್ದಾಳೆ, ತಾನೇ ಎಳೆದ ಗೆರೆ, ಅದು ಮೊದಲ ಸಲ ಮೂಡಿದ ದಿನ ಪಕ್ಕದಲ್ಲಿಟ್ಟ ಚಹಾ ಆರಿ ತಣ್ಣಗಾದದ್ದೂ ಗೊತ್ತಾಗಿರಲಿಲ್ಲ, ಈಗ ನೋಡಿದರೆ ನೋಡಲೇಬಾರದು ಅನ್ನಿಸುತ್ತದೆ, ಯಾಕೆ ಅನ್ನಿಸಬೇಕು, ಗೆರೆ ಪಾಪ ಏನು ಮಾಡೀತು— ಮೂರು ಪ್ರತಿ ತೆಗೆದಿಡು ಅಂದಿದ್ದಾರೆ ಮಾಲೀಕರು, ಏಕನಾಥರಾವ್, ತಾರೀಖು ಹಾಕು, ಕೆಳಗೆ ನಿನ್ನ ಸಹಿ ಹಾಕು, ನಾಲ್ಕು ಗಂಟೆಗೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುತ್ತಾರೆ, ಅಪಘಾತ ಹೇಗಾಯಿತು ಅಂತ ಕೇಳುತ್ತಾರೆ, ನಕ್ಷೆ ಸರಿಯಾಗಿತ್ತು, ಅಚ್ಚು ಸರಿಯಾಗಿತ್ತು, ಮೇಸ್ತ್ರಿ ಹುಲಿಗೆಪ್ಪ ಕೋಲನ್ನು ಹಬೆಯಲ್ಲಿ ಸಾಕಷ್ಟು ಬೇಯಿಸಲಿಲ್ಲ, ಅದಕ್ಕೇ ಮುರಿಯಿತು, ಅವನೇ ಒಪ್ಪಿಕೊಂಡಿದ್ದಾನೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾನೆ, ವಿಷಯ ಇಷ್ಟೇ, ನೀನ್ಯಾಕೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೀ— ಮರಾಠಿಯಲ್ಲಿ ಎಷ್ಟು ಮೆತ್ತಗೆ ಹೇಳಿದರು ಇದನ್ನೆಲ್ಲ, ಮಗಳಿಗೆ ಹೇಳಿದ ಹಾಗೆ, ಮೊನ್ನೆ ಇದೇ ಮನುಷ್ಯ ಹುಲಿಗೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೋದ ಹಿಂದೆ ಕೂತು ಹೋ ಎಂದು ಅತ್ತದ್ದನ್ನು ಪುಣೆಯ ಈ ಭೋಸರಿಯ ಅರ್ಧ ರಸ್ತೆ ನೋಡಿದೆ, ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಒಳಗೊಳಗೇ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಮೇಸ್ತ್ರಿಯದೇ ತಪ್ಪು ಅಂತಾದರೆ ಇನ್ನುಮುಂದೆ ಅವನನ್ನು ಬಾಗಿಸುವ ಕೆಲಸಕ್ಕೆ ಹಚ್ಚಬಾರದು ಅಂತ ಇನ್‌ಸ್ಪೆಕ್ಟರ್ ಬರೆದು ಹೋಗುತ್ತಾರೆ, ಅದೊಂದು ಸಾಲು, ಆ ಸಾಲಿನ ಕೆಳಗೆ ಹದಿನೆಂಟು ವರ್ಷ ಕೋಲು ಬಾಗಿಸಿದ ಮೇಸ್ತ್ರಿ ಮುಗಿದುಹೋಗುತ್ತಾನೆ, ಉಳಿದ ಒಂದು ಕಣ್ಣು ಬಂದರೂ ಬಾರದಿದ್ದರೂ. ಗಡಿಯಾರದಲ್ಲಿ ಮೂರು ಹತ್ತು ಆಗಿದೆ.

ಬೆರಳು— ಕಣ್ಣು ಮುಚ್ಚಿದರೆ ಅದೇ ಬೆರಳು, ಬೆಳಿಗ್ಗೆಯಿಂದ ಅದೊಂದೇ, ಬಸ್ಸಿನಲ್ಲಿ ಕಿಟಕಿಯಾಚೆ ನೋಡಿದರೂ ಅದೇ, ಉಗುರು ಕಪ್ಪುಗಟ್ಟಿದ ಬಲಗೈಯ ತೋರುಬೆರಳು ಬಿಳಿ ಚಾದರದ ಮೇಲೆ ಹರಿದಾಡುತ್ತಿದೆ. ಕೆಲಸಕ್ಕೆ ಬರುವ ಮೊದಲು ಸರಕಾರಿ ದವಾಖಾನೆಗೆ ಹೋಗಿದ್ದಳಲ್ಲ, ಖಡಕಿಯಿಂದ ಎರಡು ಬಸ್ಸು ಬದಲಿಸಿ, ಕೈಯಲ್ಲಿ ಆರು ಮೋಸಂಬಿ, ವಾರ್ಡಿನ ಬಾಗಿಲಲ್ಲೇ ಫಿನಾಯಿಲ್ ವಾಸನೆ ಗಂಟಲಿಗೆ ಹತ್ತಿತು, ಎರಡೂ ಕಣ್ಣಿಗೆ ಪಟ್ಟಿ, ಪಟ್ಟಿಯ ಕೆಳಗೆ ಮೂಗು, ಮೂಗಿನ ಕೆಳಗೆ ಆ ಪರಿಚಯದ ಮೀಸೆ, ಅದನ್ನು ನೋಡಿಯೇ ಇವನು ಹುಲಿಗೆಪ್ಪ ಎಂದು ಗುರುತು ಹಿಡಿಯಬೇಕಾಯಿತು. ಕಾಲ ಬಳಿ ಅವನ ಹೆಂಡತಿ ತಿಪ್ಪವ್ವ, ಯಾದಗಿರಿ ಕಡೆಯಿಂದ ಬಂದ ಹೊಸದರಲ್ಲಿ ಡೆಕ್ಕನ್ ಬಡಾವಣೆಯ ಎತ್ತರದ ಕಟ್ಟಡಗಳಿಗೆಲ್ಲ ಗಾರೆ ಹೊತ್ತವಳು, ನೆಲದ ಮೇಲೆ ಕೂತಿದ್ದವಳು ಎದ್ದು ನಿಂತಳು, ಬಲಗಣ್ಣು ಹೋತಂತರಿ ಬಾಯಾರ, ಎಡಗಣ್ಣಿಂದು ಎಂಟ ದಿನ ಬಿಟ್ಟ ಹೇಳ್ತಾರಂತ, ಎಂದು ಸಂತೆಯಲ್ಲಿ ಏನೋ ಸಿಗಲಿಲ್ಲ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದಳು, ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು. ಬಾಯಾರ ಬಂದ್ರೇನು, ಕೂಡ್ರಿ, ಅಲ್ಲೆಲ್ಲರ ಕುರ್ಚಿ ಅದ ಏನ ನೋಡ್ರಿ— ಕುರ್ಚಿ ಮಾಡಿಯೇ ಕೂದಲು ಬೆಳ್ಳಗಾದವನು ಹೇಳಿದ ಮಾತು ಇದು, ಕುರ್ಚಿ ಇರಲಿಲ್ಲ, ಅವಳು ನಿಂತೇ ಇದ್ದಳು, ಏನು ಮಾತಾಡುವುದು, ಹೇಗಿದ್ದೀರಿ ಎಂದು ಕೇಳುವುದೇ, ಊಟ ಆಯಿತೇ ಎಂದು ಕೇಳುವುದೇ, ಆಗ ಆ ಬೆರಳು ತಾನಾಗಿಯೇ ಹೊರಟಿತು, ತೊಡೆಯ ಎಡಗಡೆಯಿಂದ ಮೇಲಕ್ಕೆ, ಹೊಟ್ಟೆಯ ಮೇಲೆ ಅಡ್ಡ, ಬಲಕ್ಕೆ ಇಳಿದು, ಚಾದರದ ಮೇಲೆ ಒಂದು ಲಾಳ, ಅದೇ ಕುರ್ಚಿ, ಚಿಕ್ಕದು, ಹೆಂಗಸರದು, ಮತ್ತೆ ಒಂದು ಸಲ, ಮತ್ತೆ, ಕಣ್ಣಿಲ್ಲದೆ, ಪೂರ್ತಿ ಅಳತೆಯಲ್ಲಿ, ಯಾಕೆಂದರೆ ಹುಲಿಗೆಪ್ಪನಿಗೆ ಚಿಕ್ಕದು ಮಾಡಿ ಬರೆಯುವುದು ಗೊತ್ತೇ ಇಲ್ಲ, ಕುರ್ಚಿ ಎಷ್ಟಿದೆಯೋ ಗೆರೆಯೂ ಅಷ್ಟೇ. ನಂದ ತಪ್ಪರಿ ಬಾಯಾರ, ಜಾಜ ಎಳೀಲಾರದ ಊರಿಗೆ ಹೋದವ ನಾನ ಅಲ್ಲೇನ್ರಿ, ಅಂದ. ಸೂಜಿಯ ಅಮಲಿನಲ್ಲಿ ಏನೋ ಬಡಬಡಿಸುತ್ತಿದ್ದಾನೆ ಎಂದುಕೊಂಡಳು ಇಂದೂ, ಮೋಸಂಬಿ ತಂದೀನಿ ಮೇಸ್ತ್ರಿ, ರಸ ಹಿಂಡಿಸಿಕೊಂಡ ಕುಡೀರಿ, ಅಂದಳು, ಮೋಸಂಬಿ ಅಂದಳು, ಆಮೇಲೆ ಬಸ್ಸಿಗೆ ತಡವಾಗುತ್ತದೆ ಎಂದು ಹೊರಟುಬಂದಳು.

ಪ್ರಿಂಟ್ ಕೊಡಬೇಕು, ನಕ್ಷೆ ಬರೆಯುವ ಪ್ಲಾಟರ್ ಯಂತ್ರಕ್ಕೆ ಕಾಗದ ಸಿಕ್ಕಿಸಬೇಕು, ಪೆನ್ನಿನಲ್ಲಿ ಮಸಿ ಇದೆಯೋ ಇಲ್ಲವೋ ನೋಡಬೇಕು, ಕೈ ಏಳುತ್ತಿಲ್ಲ— ಈ ಕೋಣೆಗೆ ಬರುವಾಗ ಎಲ್ಲರೂ ಚಪ್ಪಲಿ ಬಿಡುತ್ತಾರೆ, ಧೂಳು ಬಂದರೆ ಕಂಪ್ಯೂಟರ್ ಕೆಡುತ್ತದೆ ಎಂದು ಬೊಂಬಾಯಿಯಿಂದ ಬಂದವರು ಹೇಳಿಹೋದದ್ದು, ಅಂದಿನಿಂದ ಇದೊಂದು ಗುಡಿ, ಇಡೀ ಕಾರ್ಖಾನೆಯಲ್ಲಿ ಪಂಖ ಅಲ್ಲ, ಎ.ಸಿ. ಇರುವ ಒಂದೇ ಕೋಣೆ, ಅದರಲ್ಲಿ ಇವಳು ಪೂಜಾರಿ, ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಇತ್ತು, ಬೇಕಾದಷ್ಟಿತ್ತು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಕ್ಷೆ ಎಳೆದು ನಿವೃತ್ತರಾದ ಅಪ್ಪ, ಬಾಳಕೃಷ್ಣರಾಯರು, ಧಾರವಾಡದಿಂದ ಬರುವಾಗ ಟ್ರಂಕಿನಲ್ಲಿ ತಂದ ಡ್ರಾಯಿಂಗ್ ಪೆಟ್ಟಿಗೆಯನ್ನು ಇನ್ನೂ ವಾರಕ್ಕೊಮ್ಮೆ ಒರೆಸಿಡುವವರು, ಮಗಳ ಕಂಪ್ಯೂಟರ್ ಸುದ್ದಿ ಕೇಳಿ, ಅದರೊಳಗ ಗೆರಿ ಎಲ್ಲಿರ್ತದ, ಮುಟ್ಟಲಿಕ್ಕ ಬರತದೇನ, ಎಂದು ಕೇಳಿದ್ದರು, ಅವಳು ನಕ್ಕಿದ್ದಳು. ಅಂಕಿಯಾಗಿರ್ತದ ಅಪ್ಪಾ, ಬರೀ ಅಂಕಿ, ಒಂದೊಂದು ಬಿಂದುವಿಗೂ ಎರಡೆರಡು ಅಂಕಿ ಹೊಡೀಬೇಕು, ಎಲ್ಲ ಬಿಂದು ಮುಗಿದ ಮೇಲೆ ಹೊಂದಿಸು ಅಂತ ಒಂದು ಮಾತು ಹೇಳಿದರೆ ಸಾಕು, ಅದೇ ಬಾಗಿಸಿಕೊಳ್ತದ— ಹೌದು, ಈ ಬಾಗಿಗೂ ಹಾಗೇ ಮಾಡಿದ್ದು, ನೂರಾ ನಾಲ್ಕು ಬಿಂದು, ಹುಲಿಗೆಪ್ಪನ ಫರ್ಮಾವನ್ನು ಗ್ರಾಫ್ ಕಾಗದದ ಮೇಲಿಟ್ಟು ಅಂಚಿಗೆ ಪೆನ್ಸಿಲ್ ಓಡಿಸಿ, ಗೆರೆಯ ಮೇಲೆ ಬಿಂದು ಗುರುತು ಮಾಡಿ, ಒಂದೊಂದನ್ನೂ ಓದಿ ಓದಿ ಹೊಡೆದದ್ದು. ಫರ್ಮಾ ಅಂದರೆ ಪ್ಲೈವುಡ್ಡಿನ ಬಾಗಿದ ಪಟ್ಟಿ, ಒಂದೂವರೆ ಇಂಚು ಅಗಲ, ಬಾಗಿಗೊಂದು ಫರ್ಮಾ, ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಮೂವತ್ತಮೂರು ತೂಗುಹಾಕಿದ್ದಾನೆ ಹುಲಿಗೆಪ್ಪ, ಅವೇ ಅವನ ಪುಸ್ತಕ, ಅವೇ ಅವನ ಕಡತ. ಪಟ್ಟಿಗೆ ಅಂಚು ಎರಡು, ಹೊರಗೊಂದು ಒಳಗೊಂದು, ಎರಡೂ ಬಾಗಿಯೇ ಇರುತ್ತವೆ, ಕೋಲು ಯಾವ ಅಂಚಿಗೆ ತಾಗಿ ಬಾಗಬೇಕೋ ಆ ಅಂಚಿಗೆ ಕೆಮ್ಮಣ್ಣಿನ ಜಾಜು ಎಳೆದಿಡುತ್ತಾನೆ, ಕೆಂಪು ಇದ್ದ ಕಡೆ ಕೋಲು, ಶೆಡ್ಡಿಗೆ ಕಾಲಿಟ್ಟ ಮೊದಲ ವಾರವೇ ಅವಳಿಗೆ ಕಲಿಸಿದ ಮೊದಲ ಪಾಠ ಅದು, ಕನ್ನಡದಲ್ಲಿ, ಕಾರ್ಖಾನೆಯಲ್ಲಿ ಕನ್ನಡ ಬರುವವರು ಅವರಿಬ್ಬರೇ, ಕೆಂಪ ನೋಡ್ರಿ ಬಾಯಾರ, ಕೆಂಪ ನೋಡಿದ್ರ ಮುಗೀತು, ಬ್ಯಾರೆ ಏನೂ ನೋಡೂದ ಬ್ಯಾಡ. ನೋಡಿದ್ದಳು, ಕೆಂಪು ನೋಡಿಯೇ ಪೆನ್ಸಿಲ್ ಓಡಿಸಿದ್ದಳು, ಅದರಲ್ಲಿ ಸಂಶಯವೇ ಇಲ್ಲ.

ಆಗ ಹುಲಿಗೆಪ್ಪ ಇರಲಿಲ್ಲ, ದಸರೆಗೆಂದು ಊರಿಗೆ ಹೋದವನು ಹನ್ನೆರಡು ದಿನ ಬರಲಿಲ್ಲ, ಇಲ್ಲಿ ಏಕನಾಥರಾವ್ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದರು, ಬೊಂಬಾಯಿಯ ಹೋಟೆಲ್ಲಿನವರಿಗೆ ಹೆಂಗಸರ ಕುರ್ಚಿ ಬೇಕು, ಆರು ವರ್ಷದ ಹಿಂದೆ ಮೇಸ್ತ್ರಿ ಒಂದೇ ಒಂದು ಮಾಡಿದ್ದನಲ್ಲ, ಆ ಫರ್ಮಾ ಗೋಡೆಯ ಮೇಲಿದೆಯಲ್ಲ, ಅದನ್ನೇ ಕಂಪ್ಯೂಟರಿಗೆ ಹಾಕಿಬಿಡು. ಹಾಕಿದಳು. ಪ್ಲಾಟರ್ ಪೂರ್ತಿ ಅಳತೆಯ ಕಾಗದ ಕೊಟ್ಟಿತು, ಕಾಗದವನ್ನು ಹಲಗೆಗೆ ಅಂಟಿಸಿ ಹೊಸ ಅಚ್ಚು ಕೊಯ್ದರು, ಹುಲಿಗೆಪ್ಪ ಬರುವಷ್ಟರಲ್ಲಿ ಅಚ್ಚು ಕಬ್ಬಿಣದ ಮೇಜಿನ ಮೇಲೆ ಬೋಲ್ಟು ಬಿಗಿಸಿಕೊಂಡು ಕೂತಿತ್ತು. ಅವನು ಅದರ ಸುತ್ತ ಅಂಗೈ ಸವರಿದ, ಎಡಭುಜದ ಹತ್ತಿರ ಕೈ ತಡೆಯಿತು, ಬಲಭುಜದ ಹತ್ತಿರವೂ ತಡೆಯಿತು, ಭುಜದಾಗ ಬಿಗಿ ಕಾಣತದಲ್ರೀ ಬಾಯಾರ, ಕೋಲ ಒಪ್ಪಂಗಿಲ್ಲ ಇದಕ್ಕ— ಅವಳು ಏನು ಮಾಡಿದಳು, ಕೋಣೆಗೆ ಹೋಗಿ ಫರ್ಮಾ ತಂದು ಅಚ್ಚಿನ ಮೇಲಿಟ್ಟು ತೋರಿಸಿದಳೇ, ಇಲ್ಲ, ಫರ್ಮಾ ಈ ಕೋಣೆಯ ಕಪಾಟಿನ ಸಂದಿಯಲ್ಲೇ ಉಳಿದಿತ್ತು, ಅವನನ್ನೇ ಇಲ್ಲಿಗೆ ಕರೆತಂದಳು, ಚಪ್ಪಲಿ ಬಿಡಿಸಿ, ಗಾಜಿನ ಮೇಲೆ ಗೆರೆ ಮೂಡಿಸಿ ತೋರಿಸಿದಳು, ಬಾಗಿಲ ಬಳಿಯೇ ಕೈ ಕಟ್ಟಿಕೊಂಡು ನಿಂತು ನೋಡಿದ ಆ ಐವತ್ತರ ಮನುಷ್ಯ, ಒಳಗೆ ಬರಲೂ ಹೆದರಿ, ಮತ್ತು ಅವಳು ಹೇಳಿದಳು, ಈ ಬಾಯಿಂದಲೇ ಹೇಳಿದಳು, ಕಂಪ್ಯೂಟರ್ ಲೆಕ್ಕ ಹಾಕೇದ ಮೇಸ್ತ್ರಿ, ಕೂದಲೆಳಿಯಷ್ಟೂ ತಪ್ಪಂಗಿಲ್ಲ. ಅವನು ತನ್ನ ಅಂಗೈ ತಾನೇ ನೋಡಿಕೊಂಡ. ಹಂಗಂದ್ರ ಕೈಯ ಸುಳ್ಳ ಹೇಳತಿರಬೇಕರಿ, ಅಂದ, ನಗುತ್ತಲೇ ಅಂದ, ಹೋದ. ಮೊನ್ನೆ ಬುಧವಾರ ಹನ್ನೊಂದು ಗಂಟೆಗೆ ಹಬೆಪೆಟ್ಟಿಗೆಯಿಂದ ಕೋಲು ತೆಗೆದು, ಅದರ ಬೆನ್ನಿಗೆ ಉಕ್ಕಿನ ಪಟ್ಟಿ ಕೊಟ್ಟು, ಆ ಕಡೆ ಇಬ್ಬರು ಈ ಕಡೆ ಹುಲಿಗೆಪ್ಪ ನಿಂತು ಅಚ್ಚಿನ ಸುತ್ತ ಎಳೆದು ತಂದರು, ಅವಳು ನೋಡಲೆಂದೇ ಬಂದಿದ್ದಳು, ತನ್ನ ಗೆರೆ ಕೋಲಾಗುವುದನ್ನು ನೋಡುವ ಆಸೆ, ಬೆನ್ನು ಸರಿಯಾಗಿ ಕೂತಿತು, ಭುಜದ ಹತ್ತಿರ ಬಂತು, ಚಟ್ ಅಂತ ಸದ್ದು, ಬಹಳ ದೊಡ್ಡದೂ ಅಲ್ಲ, ಒಣಸೌದೆ ಮುರಿದಷ್ಟು, ಉಕ್ಕಿನ ಪಟ್ಟಿ ಕ್ಲಾಂಪು ಕಿತ್ತುಕೊಂಡು ಹಾರಿತು, ಹುಲಿಗೆಪ್ಪ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು ಮೆಲ್ಲಗೆ, ಯಾರೋ ಕೂಡ್ರಿ ಅಂದ ಹಾಗೆ, ನೆಲದ ಮೇಲೆ ಕೂತ. ಕೂಗಲೂ ಇಲ್ಲ. ಅವನ ಬೆರಳ ಸಂದಿಯಿಂದ ಇಳಿದದ್ದು ಅಂಗಿಯ ತೋಳಿಗೆ ಬಂದಾಗಲೇ ಎಲ್ಲರೂ ಓಡಿದ್ದು.

ಮತ್ತೆ ಆ ಬೆರಳು, ಚಾದರದ ಮೇಲೆ, ಎಡದಿಂದ ಮೇಲಕ್ಕೆ— ತಡಿ, ಒಂದು ನಿಮಿಷ ತಡಿ ಇಂದೂ, ಆ ಬೆರಳು ಭುಜದ ಹತ್ತಿರ ಹೀಗೆ ತಿರುಗಲಿಲ್ಲ. ಈ ಗಾಜಿನ ಮೇಲಿರುವ ಗೆರೆಯ ಹಾಗೆ ಗಕ್ಕನೆ ತಿರುಗಲಿಲ್ಲ ಅದು, ದೂರದಿಂದಲೇ ಬಾಗುತ್ತ ಬಂದು, ಅಗಲವಾಗಿ, ಆರಾಮಾಗಿ ಹೊರಳಿತು, ಮೂರು ಸಲವೂ ಹಾಗೇ, ಬಾಗು ನೋಡುವ ಕಣ್ಣು ಅವಳದು, ಬೇರೆ ಏನು ತಪ್ಪಿದರೂ ಅದು ತಪ್ಪುವುದಿಲ್ಲ, ಅಪ್ಪ ಊಟದ ತಟ್ಟೆಯ ಅಂಚು ತೋರಿಸಿ ತೋರಿಸಿ ಪಳಗಿಸಿದ ಕಣ್ಣು, ಹಾಗಾದರೆ ಚಾದರದ ಮೇಲಿನ ಲಾಳ ಬೇರೆ, ಗಾಜಿನ ಮೇಲಿನ ಲಾಳ ಬೇರೆ, ಅಮಲಿನಲ್ಲಿ ಇದ್ದವನ ಬೆರಳು ಅಷ್ಟು ತಪ್ಪಬಾರದೇ, ತಪ್ಪಬಹುದು, ಆದರೆ ಮೂರು ಸಲ ಒಂದೇ ಥರ ತಪ್ಪುತ್ತದೆಯೇ. ಎದ್ದಳು, ಕಪಾಟಿನ ಸಂದಿಯಿಂದ ಫರ್ಮಾ ಎಳೆದಳು, ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು, ಇದೆಯಲ್ಲ, ಕೆಂಪು ಇದೆಯಲ್ಲ, ಒಳಂಚಿನ ಉದ್ದಕ್ಕೂ ಇದೆ, ಹೊರ ಅಂಚು ಬೋಳು, ತಾನು ಒಳಂಚಿಗೇ ಪೆನ್ಸಿಲ್ ಓಡಿಸಿದ್ದು, ಸರಿಯಾಗಿಯೇ ಇದೆಯಲ್ಲ, ಉಸಿರು ಬಂತು, ಉಸಿರು ಬಂದ ಹಾಗೆಯೇ ಉಗುರು ಆ ಕೆಂಪನ್ನು ಕೆರೆಯಿತು, ಸುಮ್ಮನೆ, ಏನೂ ಯೋಚಿಸದೆ, ಕೆರೆದಲ್ಲಿ ಕೆಂಪು ಪುಡಿಯಾಗಿ ಉದುರಿತು, ಕೆಂಪಿನ ಕೆಳಗೆ ಹಳದಿ. ಹಳದಿ. ಇನ್ನೊಂದು ಕಡೆ ಕೆರೆದಳು, ಅಲ್ಲೂ ಹಳದಿ, ತುದಿಯಲ್ಲಿ ಕೆರೆದಳು, ಹಳದಿ— ಜಾಜಿನ ಕೆಳಗೆ ಹಳದಿ ಇರುವುದಿಲ್ಲ. ಜಾಜನ್ನು ಬರಿಯ ಮರದ ಮೇಲೆ ಎಳೆಯುತ್ತಾರೆ. ಕೆಂಪಿನ ಕೆಳಗೆ ಹಳದಿ ಇರುವುದು ಒಂದೇ ಕಡೆ, ಪೂಜೆಯಲ್ಲಿ, ಮೊದಲು ಅರಿಸಿನ, ಅದರ ಮೇಲೆ ಕುಂಕುಮ. ಉಂಗುರಬೆರಳಿನ ತುದಿಗೆ ಹತ್ತಿದ ಪುಡಿಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಖಂಡೇನವಮಿ, ಆಯುಧಪೂಜೆಯ ದಿನ, ಆವತ್ತು ಬೆಳಿಗ್ಗೆ ಶೆಡ್ಡನ್ನೆಲ್ಲ ತೊಳೆದಿದ್ದರು, ಉಳಿ, ಗರಗಸ, ಕೀಸುಳಿ ಎಲ್ಲ ಚಾಪೆಯ ಮೇಲೆ ಸಾಲಾಗಿ, ಫರ್ಮಾಗಳನ್ನೆಲ್ಲ ನಳದ ಕೆಳಗಿಟ್ಟು ತಿಕ್ಕಿ ತಿಕ್ಕಿ ತೊಳೆದಿದ್ದ ಹುಲಿಗೆಪ್ಪ, ವರ್ಷದ ಎಣ್ಣೆ, ಧೂಳು, ಹಳೇ ಜಾಜು ಎಲ್ಲ ಕೆಂಪು ನೀರಾಗಿ ಮೋರಿಗೆ ಹರಿದದ್ದನ್ನು ಅವಳು ದಾಟಿಕೊಂಡೇ ಬಂದಿದ್ದಳು, ಹಬ್ಬ ಕಳೆದ ಮೇಲೆ ಹೊಸ ಜಾಜು ಎಳೆಯುವುದು ಅವನ ಪದ್ಧತಿ, ಪ್ರತಿ ವರ್ಷದ ಪದ್ಧತಿ, ಅದು ಅವಳಿಗೆ ಹೇಗೆ ಗೊತ್ತಿರಬೇಕು, ಅವಳು ಬಂದು ಇನ್ನೂ ವರ್ಷ ತುಂಬಿಲ್ಲ, ಇದು ಅವಳ ಮೊದಲ ಖಂಡೇನವಮಿ. ಕಾರ್ಖಾನೆಯಲ್ಲಿ ಇರುವ ಒಬ್ಬಳೇ ಹೆಣ್ಣುಮಗಳು ನೀನು, ಅರಿಸಿನ ಕುಂಕುಮ ನೀನೇ ಹಚ್ಚು, ಅಂದಿದ್ದರು ಏಕನಾಥರಾವ್, ಕಲಸಿದ ಎರಡು ಬಟ್ಟಲು ಕೈಗೆ ಕೊಟ್ಟು, ಕಂಪ್ಯೂಟರಿಗೂ ಹಚ್ಚಿದಳು, ಗಾಜಿಗೆ ಹತ್ತದ ಹಾಗೆ ಮೂಲೆಯಲ್ಲಿ, ಉಳಿಗೊಂದು ಬೊಟ್ಟು, ಗರಗಸಕ್ಕೊಂದು ಬೊಟ್ಟು, ಮೂವತ್ತೆರಡು ಫರ್ಮಾಕ್ಕೆ ಒಂದೊಂದು ಬೊಟ್ಟು, ಕೊನೆಯದೊಂದನ್ನು ಹುಲಿಗೆಪ್ಪ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ, ಲಾಳದ ಎರಡು ತುದಿ ಅವಳ ಕಡೆಗೆ, ಉಬ್ಬು ಅವನ ಎದೆಗೆ ತಾಗಿ, ಇದು ಹೆಂಗಸರ ಕುರ್ಚಿದ್ರಿ ಬಾಯಾರ, ಇದಕ್ಕ ನೀವ ಚಂದಂಗ ಹಚ್ರಿ, ಎಂದು ನಗೆಯಾಡಿದ, ಅವಳಿಗೂ ಹುಮ್ಮಸ್ಸು ಬಂತು, ಬಟ್ಟಲಲ್ಲಿ ಉಳಿದದ್ದೆಲ್ಲ ಬಳಿದು, ಅರಿಸಿನ ಒಂದು ಸಲ, ಕುಂಕುಮ ಒಂದು ಸಲ, ಉಂಗುರಬೆರಳನ್ನು ಒಳಂಚಿನ ಈ ತುದಿಯಿಂದ ಆ ತುದಿಯವರೆಗೆ ಎಳೆದಳು, ಉದ್ದಕ್ಕೆ, ಒಂದೇ ಕೈಯಲ್ಲಿ, ಎಲ್ಲರೂ ಚಪ್ಪಾಳೆ ಹೊಡೆದರು. ಅವಳೇ ಎಳೆದದ್ದು. ಆರು ದಿನದ ಮೇಲೆ ಅವಳೇ ಅದನ್ನು ನೋಡಿ ಇದು ಜಾಜು ಅಂದುಕೊಂಡದ್ದು. ತನ್ನ ಬೆರಳಿನ ಗುರುತನ್ನು ತಾನೇ ಓದಿ, ನೂರಾ ನಾಲ್ಕು ಬಿಂದು ಮಾಡಿ, ಕೂದಲೆಳೆಯಷ್ಟೂ ತಪ್ಪಿಲ್ಲ ಅಂದಳಲ್ಲ, ನಿಜವೇ, ಕೂದಲೆಳೆಯಷ್ಟಲ್ಲ, ಒಂದೂವರೆ ಇಂಚು— ಕೈ ತಾನಾಗಿ ಕೀಲಿಮಣೆಗೆ ಹೋಯಿತು, ಈ ಗೆರೆಯ ಹೊರಗೆ ಒಂದೂವರೆ ಇಂಚಿಗೆ ಇನ್ನೊಂದು ಗೆರೆ ಎಂದು ಹೊಡೆದಳು, ಹಸಿರು ಮತ್ತೆ ತುಂಡು ತುಂಡಾಗಿ ಮೂಡಿತು, ಎಡತೋಳು, ಎಡಭುಜ, ಬೆನ್ನು, ಅಗಲವಾಗಿ, ಆರಾಮಾಗಿ, ಅದೇ, ಚಾದರದ ಮೇಲಿನ ಬೆರಳು ಬರೆದದ್ದು ಇದನ್ನೇ. ಭುಜದ ತಿರುವು ಎಷ್ಟಿದೆ ಎಂದು ಕೇಳಿದರೆ ಯಂತ್ರ ಹೇಳಿತು, ಹೊರಗಿನದು ನಾಲ್ಕೂವರೆ ಇಂಚು, ಒಳಗಿನದು ಮೂರು, ಮೂರು ಇಂಚಿಗೆ ಆ ಕೋಲು ಎಷ್ಟು ಹಬೆ ಕೊಟ್ಟರೂ ಬಾಗುವುದಿಲ್ಲ, ಅಂಗೈಯಿಂದಲೇ ಹೇಳಿದ್ದನಲ್ಲ. ಜಾಜ ಎಳೀಲಾರದ ಊರಿಗೆ ಹೋದವ ನಾನ ಅಲ್ಲೇನ್ರಿ— ಅಯ್ಯೋ, ಅದು ಅಮಲಲ್ಲ. ಅದು ಬಡಬಡಿಕೆ ಅಲ್ಲ. ಎರಡು ದಿನ ಕತ್ತಲೆಯಲ್ಲಿ ಮಲಗಿ, ಅಚ್ಚು ಯಾಕೆ ಬಿಗಿಯಾಯಿತು, ಎಲ್ಲಿ ಬಿಗಿಯಾಯಿತು ಎಂದು ಹಿಂದೆ ಹಿಂದೆ ಹೋಗಿ, ನಳದ ನೀರಿಗೆ, ತಾನು ಎತ್ತಿ ಹಿಡಿದ ಫರ್ಮಾಕ್ಕೆ, ಅವಳ ಬೆರಳಿಗೆ ಬಂದು ಮುಟ್ಟಿದ್ದಾನೆ, ಅವಳಿಗಿಂತ ಮೊದಲು, ಕಣ್ಣಿಲ್ಲದೆ, ಕಂಪ್ಯೂಟರ್ ಇಲ್ಲದೆ. ಮಾಲೀಕರ ಮುಂದೆ ಹಬೆ ಕಡಿಮೆಯಾಯಿತು ಅಂದಿದ್ದಾನೆ, ಅವಳ ಮುಂದೆ ಜಾಜು ಅಂದ, ಎರಡು ಬೇರೆ ಬೇರೆ ತಪ್ಪು, ಹಬೆಯ ಮಾತು ಸುಳ್ಳು, ಹದಿನೆಂಟು ವರ್ಷದಲ್ಲಿ ಹುಲಿಗೆಪ್ಪನ ಹಬೆ ಒಂದು ಸಲವೂ ಕಡಿಮೆಯಾದದ್ದಿಲ್ಲ, ಆ ಸುಳ್ಳಿಗೆ ಹೆಬ್ಬೆಟ್ಟು ಒತ್ತಿದ್ದು ಯಾರಿಗಾಗಿ ಎಂದು ಕೇಳಬೇಕೇ, ಕೇಳಬೇಕಾಗಿಯೇ ಇಲ್ಲ.

ಹೆಜ್ಜೆ ಸದ್ದು, ಎರಡು ಜೊತೆ, ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದು, ಇನ್‌ಸ್ಪೆಕ್ಟರದು ಬೂಟು, ಲೇಸು ಬಿಚ್ಚಲು ಹೊತ್ತು ಹಿಡಿಯಿತು, ಹೊರಗಿನ ಗೆರೆಯನ್ನು ಅಳಿಸುವುದಕ್ಕೆ ಒಂದು ಅಕ್ಷರ ಹೊಡೆದರೆ ಸಾಕು, ಅಷ್ಟು ಹೊತ್ತು ಇದೆ, ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಫರ್ಮಾದ ಕೆಂಪು ಒರೆಸಿದರೆ ಹೋಗುತ್ತದೆ, ಈ ಕೋಣೆ ಉಳಿಯುತ್ತದೆ, ಅಪ್ಪನ ಮುಂದೆ ಮುಖ ಉಳಿಯುತ್ತದೆ, ಹುಲಿಗೆಪ್ಪನೇ ಹಾಗಂದಿದ್ದಾನೆ, ಅವನಿಗೇ ಬೇಡವಾದರೆ— ಬೆರಳು ಕೀಲಿಯ ಮೇಲೇ ಇತ್ತು, ಇತ್ತು ಎನ್ನುವುದೇ ಅವಳಿಗೆ ದೊಡ್ಡ ಆಘಾತ, ಯಾವಾಗ ಅಲ್ಲಿಗೆ ಹೋಯಿತು, ಯಾರು ಕಳಿಸಿದರು ಅದನ್ನು, ಥೂ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಇವರೇ ನಮ್ಮ ಕಂಪ್ಯೂಟರ್ ಬಾಯಿ, ಎಂದು ಏಕನಾಥರಾವ್ ಪರಿಚಯಿಸುತ್ತಿದ್ದಾರೆ, ಪುಣೆಯಲ್ಲಿ ಕುರ್ಚಿಯ ಬಾಗನ್ನು ಹೀಗೆ ಮಾಡುವವರು ಬೇರೆ ಯಾರೂ ಇಲ್ಲ, ನಕ್ಷೆ ತೋರಿಸು ಇಂದೂ. ಗಾಜಿನ ಮೇಲೆ ಎರಡು ಲಾಳ, ಒಂದರೊಳಗೊಂದು, ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು ಯಾವುದು ಎಂದು ಕೇಳಿದರು. ಮಾತು ಬೇರೆ ಯಾರೋ ಆಡಿದ ಹಾಗೆ ಬಂತು, ಆತಲೀ ರೇಘ ಚುಕಲೀ ಆಹೇ, ಚೂಕ ಮಾಝೀ ಆಹೇ, ಒಳಗಿನ ಗೆರೆ ತಪ್ಪು, ತಪ್ಪು ನನ್ನದು, ಮೇಸ್ತ್ರಿಯದಲ್ಲ, ಫರ್ಮಾ ಎತ್ತಿ ತೋರಿಸಿದಳು, ಕುಂಕುಮ ತೋರಿಸಿದಳು, ಕೆರೆದ ಹಳದಿ ತೋರಿಸಿದಳು, ಒಂದನ್ನೂ ಬಿಡದೆ ಹೇಳಿದಳು, ಭುಜದಲ್ಲಿ ಬಿಗಿ ಇದೆ ಅಂದವನಿಗೆ ತಾನು ಏನಂದೆ ಎನ್ನುವುದನ್ನೂ ಹೇಳಿದಳು. ಏಕನಾಥರಾವ್ ಗೋಡೆಗೆ ಒರಗಿ ನಿಂತರು, ಎರಡು ದಿನದಿಂದ ನಿದ್ದೆ ಇಲ್ಲ ಈ ಹುಡುಗಿಗೆ, ಅಂದರು, ಯಾರಿಗೆ ಅಂದರೋ. ಇನ್‌ಸ್ಪೆಕ್ಟರ್ ಫರ್ಮಾವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಆ ಹೆಬ್ಬೆಟ್ಟಿನ ಕಾಗದವನ್ನೂ ನೋಡಿದರು, ಇದನ್ನು ಅವನಿಗೆ ಹೇಳಿದ್ದೀರಾ ಬಾಯಿ, ಇವತ್ತು ಬೆಳಿಗ್ಗೆ ನೀವು ದವಾಖಾನೆಗೆ ಹೋಗಿದ್ದಿರಂತೆ, ಅವನು ನಿಮ್ಮನ್ನು ಏನಾದರೂ ಕೇಳಿದನೇ, ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದಳು, ಏನೂ ಕೇಳಲಿಲ್ಲ, ಸುಮ್ಮನೆ ಬೆರಳಾಡಿಸುತ್ತಿದ್ದ, ಒಂದು ಸಲ, ಎರಡು ಸಲ, ಮೂರನೆಯ ಸಲ— ಇಲ್ಲ, ಮೂರನೆಯ ಸಲ ಅದು ಪೂರ್ತಿ ಸುತ್ತಲಿಲ್ಲ. ಈಗ ಕಾಣಿಸುತ್ತಿದೆ, ಆಗ ಕಣ್ಣ ಮುಂದೆಯೇ ಆದದ್ದು ಈಗ ಕಾಣಿಸುತ್ತಿದೆ, ತೊಡೆಯಿಂದ ಮೇಲಕ್ಕೆ ಬಂತು, ಭುಜದ ತಿರುವಿನ ಹತ್ತಿರ ಬಂತು, ಅಲ್ಲಿ ನಿಂತಿತು, ಪಟ್ಟಿ ಕಟ್ಟಿದ ಮುಖ ಅವಳ ಕಡೆಗೆ ತಿರುಗಿತ್ತು, ಅವನು ಕಾಯುತ್ತಿದ್ದ, ನಿಮ್ಮ ಕೈ ಸುಳ್ಳ ಹೇಳಿಲ್ಲ ಮೇಸ್ತ್ರಿ ಅಂತ ಅವಳು ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದ, ಅವಳು ಮೋಸಂಬಿ ಅಂದಳು, ಬಿಳಿ ಚಾದರದ ಮೇಲೆ ಆ ಬೆರಳು, ಉಗುರು ಕಪ್ಪುಗಟ್ಟಿದ ಬೆರಳು, ತಿರುವಿನಲ್ಲಿ ನಿಂತಿದೆ, ಬಾಯಿ, ಏನು ಕೇಳಿದ, ಹೇಳಿ, ಇನ್‌ಸ್ಪೆಕ್ಟರ್ ದನಿ, ನಿಂತಿದೆ, ಮುಂದಕ್ಕೆ ಹೋಗುತ್ತಿಲ್ಲ, ನಿಂತಿದೆ—